ಚಿತ್ತಯ್ಯನ ಸಿಳ್ಳು

ಎರಡನೇ ಏಟಿಗೆ ಚಿತ್ತಯ್ಯನ ತುಟಿ ಸೀಳಿ, ಮುಂದಿನ ಹಲ್ಲೊಂದು ಕಟ್ಟೆಯ ನೀರಿಗೆ ಬಿತ್ತು. ಮುದ್ದಣ್ಣ ದೊಣ್ಣೆಯನ್ನು ಮತ್ತೆ ಎತ್ತಿದ. ಯಾರ ಕುರಿ ಮೊದಲು ನೀರು ಕುಡಿಯಬೇಕೆಂಬ ಮಾತು ಹೆತ್ತವ್ವನ ಬೈಗುಳದ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಬರಲಾಗದೆ ಹೀಗಾಗಿತ್ತು.

ಹರಿಯಬ್ಬೆಯ ಹಟ್ಟಿಯಿಂದ ಚಿತ್ತಯ್ಯನ ಅಣ್ಣ ಕಾಟಯ್ಯ ಕೊಡಲಿ ಹಿಡಿದು ಓಡಿಬಂದ. ಹಿಂದೆಯೇ ಬಂದ ಜನ ಮುದ್ದಣ್ಣನನ್ನು ಕೆಡವಿ, ಬಲಗೈಯನ್ನು ಬಂಡೆಗೆ ಒತ್ತಿ ಹಿಡಿದರು.

"ಈ ಕೈ ತಾನೇನಲೇ?" ಕಾಟಯ್ಯ ಕೊಡಲಿ ಎತ್ತಿದ.

"ಕಡಿಯಪ್ಪ, ಕಡಿ," ಅಂದಳು ಅಣ್ಣತಮ್ಮಂದಿರ ಅಜ್ಜಿ ಓಬಮ್ಮ, ಏದುಸಿರು ಬಿಡುತ್ತ. "ಎಮರ್ಜೆನ್ಸಿ ಐತೆ, ಪೊಲೀಸ್ರು ನಿನ್ನ ಬೀಗರ ಹಂಗೆ ನೋಡ್ಕಂತಾರೆ. ಇವನ ಬಾಯಿ ಹೋತು, ಅವನ ಕೈ ಹೋತು, ನೀನೂ ಹೋದೆ. ಕುರೀನ ನಾನು ಕಾಯ್ಲೇನೋ, ಈ ಮಂಡಿ ಇಟ್ಕಂಡು?"

ಯಾರೋ ನಕ್ಕರು. ಕೊಡಲಿ ಇಳಿಯಿತು, ಇಳಿಯುವಾಗ ಅದರ ಹಿಂಬದಿ ಮುದ್ದಣ್ಣನ ಕಿರುಬೆರಳನ್ನು ಜಜ್ಜಿಯೇ ಇಳಿಯಿತು.

ಓಬಮ್ಮ ಜುಂಜಪ್ಪನ ಗುಡಿಯ ಕಡೆ ಕೈ ಮುಗಿದಳು. "ಹಲ್ಲು ಉದುರಿಸ್ದೋನೇ ಕಾಯ್ಲಿ. ತುಟಿ ಮಾಯೋ ತನಕ ಇವನ ಕುರಿ ನಿಂದು, ಮುದ್ದಣ್ಣ. ಒಂದು ಮರಿ ತೋಳದ ಪಾಲಾದ್ರೂ ಕಾಟಯ್ಯನ ಕೊಡಲಿಗೆ ನಾನು ಅಡ್ಡ ಬರಲ್ಲ."

ಮರುದಿನ ರೊಪ್ಪದ ಬಾಗಿಲು ತೆಗೆದದ್ದೇ ಕುರಿಗಳು ಗುಡ್ಡದ ಪೊದೆಗಳಿಗೆ ಚೆದುರಿದವು. ಮುದ್ದಣ್ಣ ಕೂಗಿದ, ಸಿಳ್ಳು ಹಾಕಿದ, ಕಲ್ಲು ಬೀರಿದ. ಒಂದೂ ತಿರುಗಲಿಲ್ಲ. ಅವಕ್ಕೆ ಗೊತ್ತಿದ್ದದ್ದು ಚಿತ್ತಯ್ಯನ ಸಿಳ್ಳು ಮಾತ್ರ. ಮುದ್ದಣ್ಣ ಚಿತ್ತಯ್ಯನ ಗುಡಿಸಲಿಗೆ ಓಡಿಬಂದ. ಕಾಟಯ್ಯ ಹೊಸಲ ಮೇಲೆ ಕೂತು ಕೊಡಲಿ ಮಸೆಯುತ್ತಿದ್ದ.

"ಲೇ ಚಿತ್ತಾ, ನಿನ್ನ ಸಿಳ್ಳು ಹೇಳ್ಕೊಡೋ. ನನ್ನ ಕೈ ಹೋಗ್ತೈತೆ."

"ಹೋಗ್ಲಿ," ಬಟ್ಟೆ ಸುತ್ತಿದ ಬಾಯಿಂದ ಬಂತು.

ಗುಡ್ಡದ ಕಡೆಯಿಂದ ಮರಿಯೊಂದು ಅರಚಿತು. ಚಿತ್ತಯ್ಯ ಎದ್ದು ಹೊರಗೆ ಬಂದ. ಬಟ್ಟೆ ಕಿತ್ತು ಊದಿದ. ಅರಿಶಿನ ಮೆತ್ತಿದ ತುಟಿ ಮತ್ತೆ ಬಿರಿದು ನೆತ್ತರು ಚಿಮ್ಮಿತು; ಬರೀ ಗಾಳಿ. ಕೈಯಿಂದ ಬಾಯಿ ಒರೆಸಿ, ಅದೇ ಕೈಯಿಂದ ಮುದ್ದಣ್ಣನ ತುಟಿಗಳನ್ನು ಚಿವುಟಿ ಹಿಡಿದ. ಹಿಡಿತ ಬಿಗಿಯಾಯಿತು. ಉಗುರು ಒಳಗಿಳಿಯಿತು. ಮಸೆಯುವ ಸದ್ದು ನಿಂತಿತು.

ಮುದ್ದಣ್ಣ ಕೈ ಎತ್ತಲಿಲ್ಲ.

ಬೆರಳುಗಳು ಸಡಿಲವಾದವು, ತುಟಿಯನ್ನು ಒಂದಿಷ್ಟು ಎಡಕ್ಕೆ ಸರಿಸಿ, ಒಳಕ್ಕೆ ಮಡಿಸಿದವು.

"ಊದು."

ಕೀರಲು ದನಿ ಹೊರಟಿತು. ಚಿತ್ತಯ್ಯ ಅಲ್ಲವೆಂದು ತಲೆಯಾಡಿಸಿ, ಮತ್ತೆ ಮಡಿಸಿದ.

"ಈಗ ಊದು."

ದೂರದ ಪೊದೆಯಿಂದ ಕೊರಳಗಂಟೆಯ ಕುರಿ ತಲೆ ಹೊರಹಾಕಿ, ಕಿವಿ ನಿಮಿರಿಸಿ ನಿಂತಿತು.