ತಲೆಯಿಲ್ಲದ ಬ್ರೌಸರ್ ಮತ್ತು ತಾರಸಿಯ ಕೀಲಿಕೈ

ನಮ್ಮ ಕಟ್ಟಡದ ತಾರಸಿಗೆ ಬೀಗ ಬಿದ್ದು ಒಂದು ವರ್ಷವಾಗಿತ್ತು. ಹಾಕಿದವರು ಎರಡನೇ ಮಹಡಿಯ ಹಲ್ಲಿನ ಡಾಕ್ಟರು. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾದ ಮರುದಿನವೇ ವ್ಯಾಯಾಮದ ಸೈಕಲ್ಲೊಂದನ್ನು ಮೇಲಕ್ಕೆ ಹೊರಿಸಿ, ಎಲ್ಲಿಗೂ ಹೋಗದ ಆ ಸೈಕಲ್ಲನ್ನು ಯಾರೋ ಹೊಡೆದುಕೊಂಡು ಹೋಗುತ್ತಾರೆಂದು ಕೀಲಿಕೈಯನ್ನು ಜೇಬಿಗಿಳಿಸಿದ್ದರು. ಅಂದಿನಿಂದ ನಮ್ಮ ಬಟ್ಟೆಗಳೆಲ್ಲ ನಡುಮನೆಯ ಹಗ್ಗದ ಮೇಲೇ ಒಣಗಬೇಕು. ಒಣಗುತ್ತಿರಲಿಲ್ಲ, ಅದು ಬೇರೆ ಮಾತು. ಅಪ್ಪನ ಬನಿಯನ್ನಿನ ಮುಗ್ಗಲು ವಾಸನೆಗೆ ಆಫೀಸಿನ ಪಕ್ಕದ ಮೇಜಿನವರು ಜಾಗ ಬದಲಾಯಿಸಿದ ದಿನ ಅಮ್ಮ ಕೆರಳಿದಳು.

"ಈ ಸಲ ಚುನಾವಣೆಗೆ ಆ ಡಾಕ್ಟರ ಎದುರು ನಾನೇ ನಿಲ್ತೀನಿ. ಆ ಕೀಲಿಕೈ ನನ್ನ ಸೊಂಟಕ್ಕೆ ಬರ್ಲಿಲ್ಲ ಅಂದ್ರೆ ಕೇಳು."

ಚುನಾವಣೆಯ ವೆಬ್ ಪುಟ ಮಾಡಿದವರು ಕೆಳಮನೆಯ ನಿವೃತ್ತ ಗಣಿತದ ಮೇಷ್ಟ್ರು. ಅಭ್ಯರ್ಥಿಗಳು ಒಂದು ವಾರ, ದಿನಾ ಬೆಳಿಗ್ಗೆ ಏಳರಿಂದ ಏಳೂ ಕಾಲರೊಳಗೆ ಆ ಪುಟ ತೆರೆದು 'ಸರಿ' ಎಂಬ ಬಟನ್ ಒತ್ತಬೇಕೆಂದು ಅವರ ನಿಯಮ. ಏಳಕ್ಕೆ ಏಳಲಾರದವರು ಕಾರ್ಯದರ್ಶಿಯಾಗಿ ನೀರಿನ ಪಂಪು ಏನು ಹಾಕಿಯಾರು ಎಂದು ಅವರ ವಾದ. ಅಮ್ಮ ಐದಕ್ಕೇ ಏಳುವವಳು, ಆದರೆ ತಾನು ಮುಟ್ಟಿದರೆ ಕಂಪ್ಯೂಟರ್ ಕೆಡುತ್ತದೆಂದು ಆ ಕೆಲಸವನ್ನು ನನಗೆ ಗಂಟುಹಾಕಿದಳು. ನಾನೋ, ಎಂಟೂವರೆಗೆ ಮುಂಚೆ ಮನುಷ್ಯಳೇ ಅಲ್ಲ.

ಎರಡು ದಿನ "ಏಳೇ, ಏಳಾಯ್ತು, ಏಳು!" ಎಂದು ಹೊದಿಕೆ ಎಳೆದಳು. ಎರಡನೇ ದಿನ ಸಂಜೆ ನಾನು ಬುದ್ಧಿ ಓಡಿಸಿದೆ. ವೆಬ್ ಪುಟಗಳನ್ನು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು, ಅದಕ್ಕೊಂದು ಉಪಕರಣವಿದೆ. ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ ಸಾಕು. ಪರದೆಯ ಮೇಲೆ ಏನೂ ತೋರಿಸದೆ ಒಳಗೊಳಗೇ ಬ್ರೌಸರ್ ತೆರೆದು, ನಾವು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದುಕೊಟ್ಟ ಸೂಚನೆಗಳನ್ನು ಪುಟದಲ್ಲಿ ಓಡಿಸಿ, ಕೊನೆಗೆ ಪುಟದ ಫೋಟೋ ತೆಗೆದಿಟ್ಟು ಮುಚ್ಚಿಕೊಳ್ಳುತ್ತದೆ. ನಾನು ಬರೆದದ್ದು ಎರಡೇ ಸಾಲು. 'ಸರಿ' ಎಂಬ ಅಕ್ಷರಗಳಿರುವ ಮೊದಲನೇ ಬಟನ್ ಒತ್ತು. ಪುಟ ಏನೇ ಕೇಳಿದರೂ ಹೂಂ ಅನ್ನು. ದಿನಾ ಏಳೂ ಐದಕ್ಕೆ ತಾನಾಗಿಯೇ ಓಡುವಂತೆ ಹೊಂದಿಸಿಟ್ಟೆ.

"ಏನಂತಾರೆ ಇದಕ್ಕೆ?" ಅಮ್ಮ ಬಗ್ಗಿ ನೋಡಿದಳು.

"ಹೆಡ್‌ಲೆಸ್ ಬ್ರೌಸರ್. ಅಂದ್ರೆ ತಲೆ ಇಲ್ಲದ ಬ್ರೌಸರ್."

"ತಲೆ ಇಲ್ವಾ?"

"ಇಲ್ಲ. ಹೇಳಿದ್ದು ಮಾಡುತ್ತೆ, ಅಷ್ಟೇ."

"ಹಾಗಾದ್ರೆ ನಿಮ್ಮಪ್ಪಂಗಿಂತ ವಾಸಿ," ಎಂದು ಒಪ್ಪಿದಳು. ಪೇಪರಿನ ಹಿಂದಿದ್ದ ಅಪ್ಪ ಪುಟ ತಿರುವಿದರು.

ಮೂರು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ನಾನು ಹಾಯಾಗಿ ಗೊರಕೆ ಹೊಡೆದೆ. ಐದನೇ ದಿನ ಸಂಜೆ ಮೇಷ್ಟ್ರಿಗೆ ಏನು ತೋಚಿತೋ, ಯಾರನ್ನೂ ಬಲವಂತದಿಂದ ನಿಲ್ಲಿಸಿದ ಹಾಗಾಗಬಾರದೆಂದು 'ಸರಿ'ಯ ಮೇಲುಗಡೆ ಹೊಸದೊಂದು ಬಟನ್ ಕೂರಿಸಿದ್ದರು. ಅದರ ಮೇಲೆ 'ಹಿಂದೆ ಸರಿಯಿರಿ' ಎಂದಿತ್ತು.

ಆರನೇ ದಿನ ಬೆಳಿಗ್ಗೆ ನನ್ನ ಬ್ರೌಸರ್ ಅದರಲ್ಲೂ 'ಸರಿ'ಯನ್ನು ಕಂಡು ಒತ್ತಿತು. ಖಂಡಿತ ಹಿಂದೆ ಸರಿಯುತ್ತೀರಾ? ಹೂಂ. ಈ ಸಲ ಮತ್ತೆ ನಿಲ್ಲಲು ಅವಕಾಶವಿಲ್ಲ, ಒಪ್ಪಿಗೆಯೇ? ಹೂಂ. ಎದುರಾಳಿಗೆ ಬೆಂಬಲ ಘೋಷಿಸುತ್ತೀರಾ? ಹೂಂ!

ಎಂಟೂವರೆಗೆ ಎದ್ದು ಆ ಫೋಟೋ ತೆರೆದರೆ, 'ನಿಮ್ಮ ತ್ಯಾಗಕ್ಕೆ ವಂದನೆಗಳು' ಎಂದಿತ್ತು. ಅಡುಗೆಮನೆಯಲ್ಲಿ ಅಮ್ಮ ತನ್ನ ಕಡೆಗಿರುವ ಮನೆಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ಹೇಗೆ ಹೇಳಲಿ? ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹಲ್ಲಿನ ಡಾಕ್ಟರು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು.

"ಅಕ್ಕಾ, ನಂಗೆ ಮಾತೇ ಹೊರಡ್ತಿಲ್ಲ. ಹಿಂದೆ ಸರಿದಿದ್ದೂ ಅಲ್ದೆ, ನಂಗೇ ಬೆಂಬಲ ಕೊಟ್ರಲ್ಲ! ನನ್ನ ಹೆಂಡ್ತಿನೇ ನಿಮಗೆ ವೋಟ್ ಹಾಕ್ತೀನಿ ಅಂತಿದ್ಲು."

ಅಮ್ಮ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನನ್ನ ಕಾಲುಬೆರಳು ನೋಡಿಕೊಂಡೆ. ಅವಳಿಗೆ ಎಲ್ಲ ಅರ್ಥವಾಯಿತು. ಎಣಿಸಿ ಮಡಿಸಿದ್ದ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದ್ದು ಕಂಡು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇರ್ಲಿ ಬಿಡಪ್ಪ. ವಯಸ್ಸಲ್ಲಿ ದೊಡ್ಡವಳಲ್ವಾ ನಾನು," ಎಂದಳು ಅಮ್ಮ.

"ನಿಮಗೆ ಏನು ಬೇಕು ಕೇಳಿ ಅಕ್ಕಾ. ಎಷ್ಟು ಹಲ್ಲು ಬೇಕಾದ್ರೂ ಪುಕ್ಕಟೆ ಕಿತ್ತುಕೊಡ್ತೀನಿ."

"ಹಲ್ಲು ಇದ್ದಲ್ಲೇ ಇರ್ಲಿ. ತಾರಸಿ ಕೀಲಿಕೈ ಕೊಡು."

ಡಾಕ್ಟರು ಜೇಬಿನ ಮೇಲೆ ಕೈಯಿಟ್ಟುಕೊಂಡರು. "ಅಲ್ಲಿ ಸೈಕಲ್ಲು..."

"ಇರ್ಲಿ. ಅದರ ಮೇಲೂ ಎರಡು ಟವೆಲ್ ಹರವಬಹುದು."

ಅಷ್ಟು ಅತ್ತಾದ ಮೇಲೆ ಇಲ್ಲ ಅನ್ನಲು ಅವರಿಂದ ಆಗಲಿಲ್ಲ. ಕೊಟ್ಟು ಹೋದರು.

ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು. ಬಕೆಟ್ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ತಾರಸಿಯ ತುಂಬ ಬಿಸಿಲು ಚೆಲ್ಲಿತ್ತು.

"ಗೆಲ್ತಿದ್ದೆ ಕಣೇ," ಎಂದಳು ಬನಿಯನ್ ಕೊಡವುತ್ತ. "ಹದಿಮೂರು ಮನೇಲಿ ಒಂಬತ್ತು ನನ್ನ ಕಡೆ ಇತ್ತು."

"ತಪ್ಪಾಯ್ತಮ್ಮ," ಎಂದೆ.

ಅವಳು ಕೊನೆಯ ಟವೆಲನ್ನು ಸೈಕಲ್ಲಿನ ಹ್ಯಾಂಡಲ್ ಮೇಲೆ ಹರವಿ, ನೆರಿಗೆ ಬಿಡಿಸಿ, ಕೆಳಗೆ ಡಾಕ್ಟರ ಕಾರು ನಿಲ್ಲುವ ನೆರಳಿನ ಜಾಗವನ್ನೇ ತುಂಬ ಹೊತ್ತು ನೋಡಿದಳು.

"ಮುಂದಿನ ವರ್ಷನೂ ನಿಲ್ತೀನಿ," ಎಂದಳು. "ಹಿಂದೆ ಸರಿಯೋಕೆ ಆ ಜಾಗ ಕೊಡ್ತಾನಾ ಕೇಳೋಣ."