ಬರದವರ ಸಹಿ

“ನನ್ ಕುಕ್ಕರೂ ಕೊಟ್ಬುಟ್ರಾ? ಯಾರನ್ನ ಕೇಳಿ ಕೊಟ್ರಿ ಅಂಬುಜಕ್ಕ?”

ಚಲುವಮ್ಮ ಮಹಿಳಾ ಸಂಘದ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದಳು. ಬೀಗ ಹಾಕಿರಬೇಕಾಗಿದ್ದ ಬೀರು ಬಾಯಿ ತೆರೆದುಕೊಂಡಿತ್ತು. ಒಳಗೆ ಒಂದು ಮುಚ್ಚಳವೂ ಉಳಿದಿರಲಿಲ್ಲ.

“ಕೂಗಾಡ್ಬೇಡ ಕಣಮ್ಮ,” ಅಂದಳು ಅಧ್ಯಕ್ಷೆ ಅಂಬುಜಮ್ಮ. “ನಿನ್ ಪಾಲಿಂದೂ ಹೊಸದು ಈಸ್ಕೊಂಡಿದ್ದೀನಿ. ನಿಂದು ಮೂರು ಲೀಟರ್‌ದು, ಇದು ಐದು ಲೀಟರ್‌ದು.”

“ಐದು ಲೀಟರ್‌ದು ಇಟ್ರೆ ಹೋದ ಕಣ್ಣು ಬತ್ತದಾ?”

ಸಂಘದ ಹೆಂಗಸರು ಗೋಡೆಗೊರಗಿ ನೆಲ ನೋಡುತ್ತ ಕೂತಿದ್ದರು.

ಎರಡು ವರ್ಷದ ಕೆಳಗೆ ಸಂಘದ ಇಪ್ಪತ್ತಮೂರು ಜನ ಒಂದೇ ಕಂಪನಿಯ ಕುಕ್ಕರನ್ನು ಒಟ್ಟಿಗೆ ತಂದಿದ್ದರು. ಆರು ತಿಂಗಳೊಳಗೆ ಏಳು ಮುಚ್ಚಳ ಹಾರಿದವು. ಆರು ಸೂರಿಗೆ ಬಡಿದವು. ಏಳನೆಯದು ಚಲುವಮ್ಮನ ಬಲಗಣ್ಣು ತೆಗೆಯಿತು. ಗೋಕುಲಂ ಬಡಾವಣೆಯಲ್ಲಿ ಯೋಗ ಕಲಿಯಲು ಬಂದವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವಳಿಗೆ ಆಮೇಲೆ ಯಾರೂ ಒಲೆ ಬಿಟ್ಟುಕೊಡಲಿಲ್ಲ. ಕಂಪನಿಯವರನ್ನು ಕೇಳಲು ಹೋದರೆ, ನಿನಗೆ ಮುಚ್ಚಲು ಬಂದಿಲ್ಲ ಎಂದು ಕಳಿಸಿದರು.

ಚಲುವಮ್ಮನ ಬೀದಿಯಲ್ಲೇ ಇದ್ದ ವಕೀಲೆ ಸಂಘಮಿತ್ರ ದಾರಿ ಹೇಳಿದ್ದಳು. ಒಬ್ಬಳೇ ಹೋದರೆ ತಪ್ಪು ನಿನ್ನದು ಅಂತಾರೆ, ಇಪ್ಪತ್ತಮೂರು ಜನ ಒಂದೇ ಮಾತು ಹೇಳಿದರೆ ಯಾರ ತಪ್ಪು ಅಂತಾರೆ? ಗ್ರಾಹಕರ ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಂದೇ ಕೇಸು ಹಾಕಿದಳು. ಪ್ರಯೋಗಾಲಯದ ಪರೀಕ್ಷೆಗೆ ಹೋಗುವ ತನಕ ಯಾರೂ ಕುಕ್ಕರ್ ಮುಟ್ಟಬಾರದು ಎಂದು ಎಲ್ಲವನ್ನೂ ಬೀರುವಿನಲ್ಲಿಡಿಸಿದಳು. ಕಂಪನಿಯ ವಕೀಲ ವಾಯಿದೆ ಮೇಲೆ ವಾಯಿದೆ ಕೇಳಿದ. ಪ್ರತಿ ಸಲ ಕೂಲಿ ಬಿಟ್ಟು ಹೋಗಿ ಕೂತು ಹೆಂಗಸರು ಬೇಸತ್ತರು.

ಕಳೆದ ಮಂಗಳವಾರ, ಸಂಘದ ವಾರದ ಸಭೆಯ ಹೊತ್ತಿಗೆ, ಕಂಪನಿಯ ವ್ಯಾನು ಬಂತು. ಹಳೇದು ಕೊಡಿ, ಹೊಸದು ತಗೊಳ್ಳಿ, ದೂರಿಲ್ಲ ಅಂತ ಬರೆದುಕೊಡಿ ಅಂದರು. ಹೆಚ್ಚಿನವರು ಕೈ ಎತ್ತಿದರು. ಹೆಚ್ಚು ಕೈ ಎತ್ತಿದ ಕಡೆ ತೀರ್ಮಾನ, ಬರದವರ ಸಹಿ ಅಧ್ಯಕ್ಷೆ ಹಾಕುವುದು, ಇದು ಸಂಘದ ಪದ್ಧತಿ. ಹತ್ತು ವರ್ಷದಿಂದ ಎಲ್ಲ ಕೆಲಸವೂ ಹಾಗೇ ನಡೆದಿತ್ತು. ಚಲುವಮ್ಮ ಅವತ್ತು ಕಣ್ಣಾಸ್ಪತ್ರೆಯಲ್ಲಿದ್ದಳು.

“ಪದ್ಧತಿ ಮಾಡಿದ್ದು ನೀನೇ ಅಲ್ವೇನೇ?” ಅಂದಳು ಅಂಬುಜಮ್ಮ. “ಕಾರ್ಯದರ್ಶಿ ಆಗಿದ್ದಾಗ ನೀನೇ ಬರೆದಿದ್ದು.”

ಅದು ನಿಜವೇ. ಚಲುವಮ್ಮ ನಡಾವಳಿ ಪುಸ್ತಕ ಎಳೆದು ನೋಡಿದಳು. ತನ್ನ ಹೆಸರು, ಅಂಬುಜಮ್ಮನ ಕೈಬರಹ. ಅಲ್ಲೇ ನಿಂತು ಸಂಘಮಿತ್ರಳಿಗೆ ಫೋನ್ ಮಾಡಿದಳು. ಸಹಿ ನಿಮ್ಮದಲ್ಲ ಅಂತ ವಾದ ಮಾಡಬಹುದು ಅಕ್ಕ, ಆದರೆ ಮುಚ್ಚಳವಿಲ್ಲದೆ ಪರೀಕ್ಷೆ ಮಾಡಿಸೋದು ಯಾವುದನ್ನ, ಅವರು ಇಷ್ಟೊತ್ತಿಗೆ ಕರಗಿಸಿರುತ್ತಾರೆ ಎಂದಳು ವಕೀಲೆ.

“ಒಬ್ಬಳೇ ಹೋಗಿದ್ರೆ ಕುಕ್ಕರು ನನ್ ಮನೇಲೇ ಇರ್ತಿತ್ತು, ಅಲ್ವೇನವ್ವ?”

ಅಷ್ಟು ಕೇಳಿ ಚಲುವಮ್ಮ ಫೋನ್ ಇಟ್ಟಳು.

ಅಂಬುಜಮ್ಮ ಹೊಸ ಕುಕ್ಕರಿನ ಡಬ್ಬವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದಳು. ಚಲುವಮ್ಮ ಒಂದೇ ಕಣ್ಣಿನಲ್ಲಿ ಕೋಣೆಯನ್ನೆಲ್ಲ ನೋಡಿದಳು. ಒಬ್ಬಳಾದರೂ ತಲೆ ಎತ್ತಲಿಲ್ಲ. ಅವಳು ಡಬ್ಬ ಮುಟ್ಟದೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮುಂದಿನ ಮಂಗಳವಾರದ ಸಭೆಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಈಗಲೂ ಅಂಬುಜಮ್ಮನೇ ಸಹಿ ಹಾಕುತ್ತಾಳೆ.