ವೈಜನಾಥನ ಬಲಸೊಂಟ

ಬಸವಕಲ್ಯಾಣದ ಆಟೋನಗರದಲ್ಲಿ ವೈಜನಾಥನನ್ನು ಗುರುತಿಸಲು ಅವನ ಮುಖ ನೋಡಬೇಕಾಗಿಲ್ಲ. ಬಲಸೊಂಟವನ್ನು ಹೊರಚಾಚಿ, ಮೈಯನ್ನೆಲ್ಲ ಆ ಕಡೆಗೇ ವಾಲಿಸಿ, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡವರ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಬರುವ ಎತ್ತರದ ಮನುಷ್ಯ ದೂರದಲ್ಲಿ ಕಂಡರೆ ಸಾಕು, ಅವನು ವೈಜನಾಥನೇ. ಹೊಸಬರು ಅದನ್ನು ವಾತವೆಂದು ತಿಳಿದು ಎಣ್ಣೆಯ ಹೆಸರು ಹೇಳುತ್ತಾರೆ. ಅವನ ಹೆಂಡತಿ ಶಕುಂತಲಾಬಾಯಿ ಎಣ್ಣೆಯ ಸಲಹೆ ಕೊಟ್ಟವರಿಗೆಲ್ಲ ಚಹಾ ಕೊಟ್ಟು ನಗುತ್ತಾಳೆ. "ವಾತ ಅಲ್ರಿ ಅದು, ಗಿಟಾರ್! ಎಣ್ಣಿ ಹಚ್ಚೂದಿದ್ರ ಅದಕ್ಕ ಹಚ್ಚಬೇಕು."

ಅವಳು ಹೇಳುವುದು ನಿಜ. ಹಗಲೆಲ್ಲ ಲಾರಿಗೆ ಬಾಡಿ ಕಟ್ಟುವ ವೈಜನಾಥ, ಕಾರ್ಯಕ್ರಮವಿದ್ದ ದಿನ ಸಂಜೀವಕುಮಾರನ ಸಂಗೀತ ಪಾರ್ಟಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಮದುವೆ, ಗೃಹಪ್ರವೇಶ, ಪುಣ್ಯಸ್ಮರಣೆ, ಎಲ್ಲಿ ಕರೆದರೂ ಮೊದಲು ವಚನ, ಆಮೇಲೆ ಸಿನಿಮಾ ಹಾಡು. ದಪ್ಪ ತಂತಿಗಳ ಆ ಕರಿಯ ವಾದ್ಯದ ಪಕ್ಕೆಯಲ್ಲಿ ಕೇಬಲ್ ಸಿಕ್ಕಿಸುವ ತೂತೊಂದಿದೆ. ಜಾಕ್ ಸಾಕೆಟ್ ಎನ್ನುತ್ತಾರೆ. ಅದು ಸಡಿಲಾಗಿ ಎಷ್ಟೋ ವರ್ಷವಾಗಿತ್ತು. ಪಿನ್ನು ಕೊಂಚ ಅಲುಗಿದರೂ ಗರ್‌ಗರ್ ಎಂದು ಶುರುವಾಗಿ, ಢಬ್ ಎಂದು ಸಿಡಿದು, ಹಾಡುವವರ ಎದೆಯೊಡೆಯುತ್ತಿತ್ತು. ಬಲಸೊಂಟದಿಂದ ಪಿನ್ನನ್ನು ಒಂದು ಓರೆಯಲ್ಲಿ ಒತ್ತಿ ಹಿಡಿದರೆ ಅದು ಸುಮ್ಮನಿರುತ್ತದೆಂದು ವೈಜನಾಥ ಕಂಡುಕೊಂಡ. ಹಾಗೆ ಒತ್ತಿ ಒತ್ತಿ ಪಾರ್ಟಿಯ ಕುಂಕುಮಬಣ್ಣದ ಕೋಟು ಆ ಜಾಗದಲ್ಲಿ ಸವೆದು ಹೊಳೆಯತೊಡಗಿತು, ಮನುಷ್ಯ ವಾಲಿದವನು ವಾಲಿಯೇ ಉಳಿದ.

ಸರಿಪಡಿಸಲಿಲ್ಲವೇ ಎಂದು ಕೇಳಬಹುದು. ಸರಿಪಡಿಸಿದ್ದೇ ಕೆಟ್ಟಿತು. ನಮ್ಮದು ಲಾರಿಗಳ ಊರು. ಇಲ್ಲಿಯವರಿಗೆ ಸಡಿಲಾದದ್ದು ಏನೇ ಕಂಡರೂ ಕೈ ತಾನಾಗಿ ನಟ್ಟು ತಿರುಗಿಸುವ ಪಾನಾ ಹುಡುಕುತ್ತದೆ. "ತಳಾ ಗಟ್ಟಿರಬೇಕ್ರಿ" ಎಂಬುದು ವೈಜನಾಥನ ಬಾಯಿಯ ಮಾತು; ಲಾರಿಗೂ ಅದೇ, ಹಾಡಿಗೂ ಅದೇ, ಮಾತು ಮುಗಿಯುತ್ತ ಬಂದರೂ ಅದೇ. ಪ್ರತಿ ಕಾರ್ಯಕ್ರಮಕ್ಕೆ ಮೊದಲು ಕೋಟಿನ ಜೇಬಿನಿಂದ ಸಣ್ಣ ಪಾನಾ ತೆಗೆದು, ವಿಭೂತಿ ಹಚ್ಚಿಕೊಳ್ಳುವಷ್ಟೇ ಶ್ರದ್ಧೆಯಿಂದ ಆ ಸಾಕೆಟ್ಟಿನ ಹೊರಗಿನ ನಟ್ಟನ್ನು ಒಂದು ಸುತ್ತು ಬಿಗಿಯುತ್ತಿದ್ದ. ಒಳಗಿನ ಸಾಕೆಟ್ಟೂ ನಟ್ಟಿನ ಜೊತೆಗೇ ತಿರುಗುತ್ತಿದೆ, ಅದಕ್ಕೆ ಬೆಸೆದ ಸಣ್ಣ ವೈರುಗಳು ಹುರಿಗೊಳ್ಳುತ್ತಿವೆ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಬಿಗಿದಷ್ಟೂ ಅದು ಕೆಡುತ್ತಿತ್ತು, ಕೆಟ್ಟಷ್ಟೂ ಅವನು ಬಿಗಿಯುತ್ತಿದ್ದ.

ಮನ್ನಾಏಖೇಳ್ಳಿಯ ಪುಣ್ಯಸ್ಮರಣೆಯೊಂದರಲ್ಲಿ ಮಾತ್ರ ಅನಾಹುತವಾಯಿತು. ಜನ ಎದ್ದು ನಿಂತು ಮೌನ ಆಚರಿಸುತ್ತಿದ್ದಾಗ ಅವನ ಸೊಂಟ ಜಾರಿತು. ದೊಡ್ಡ ಸ್ಪೀಕರಿನಿಂದ ಬಂದ ಸಿಡಿತಕ್ಕೆ ಹುಡುಗರು ನಕ್ಕರು, ತೀರಿಕೊಂಡವರ ಮುದಿತಾಯಿ ಬೆಚ್ಚಿ ಅತ್ತಳು. ಸಂಜೀವಕುಮಾರ ಏನೂ ಅನ್ನಲಿಲ್ಲ. ಅಂದಿನಿಂದ ವೈಜನಾಥ ಇನ್ನಷ್ಟು ವಾಲಿ ನಿಂತ. ಕಾಲಬಳಿಯಿಟ್ಟ ತನ್ನ ಪುಟ್ಟ ಆಂಪ್ಲಿಫೈಯರಿನಲ್ಲಿ ಆಗಾಗ ಗರ್ ಎನ್ನುವುದು ಕೇಳಿಸಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ತನ್ನ ಸೊಂಟ ಕೊನೆಗೂ ಗೆದ್ದಿತೆಂದು ಅವನಿಗೆ ಒಳಗೊಳಗೇ ಹೆಮ್ಮೆ.

ಹೀಗಿರುವಾಗ ಸಂಜೀವಕುಮಾರನ ಮಗಳು ಪೂನಂಳ ಮದುವೆ ಹುಮನಾಬಾದಿನಲ್ಲಿ ನಿಶ್ಚಯವಾಯಿತು. ಮಕ್ಕಳಿಲ್ಲದ ವೈಜನಾಥನಿಗೆ ಅವಳೆಂದರೆ ಪ್ರಾಣ. ಚಿಕ್ಕವಳಿದ್ದಾಗ ಅಭ್ಯಾಸದ ಹೊತ್ತಿಗೆ ಅವನ ಆಂಪ್ಲಿಫೈಯರಿನ ಮೇಲೆಯೇ ಕೂತು, "ಕಾಕಾ, ನಿಮ್ಮ ಡಬ್ಬಿ ನನ್ನ ಹೊಟ್ಯಾಗ ಬಾರಿಸಾಕತ್ತದ" ಎಂದು ಕೇಕೆ ಹಾಕುತ್ತಿದ್ದಳಂತೆ. ಆ ಮಾತನ್ನು ಅವನು ಎಲ್ಲರಿಗೂ ಹೇಳಿದ್ದಾನೆ, ನನಗಂತೂ ಕಂಡಾಗಲೆಲ್ಲ ಹೇಳಿದ್ದಾನೆ. ಆ ಮದುವೆಯಲ್ಲಿ ತನ್ನ ವಾದ್ಯ ಒಮ್ಮೆಯೂ ಕೆಮ್ಮಬಾರದು, ಅವಳ ಹೊಟ್ಟೆಯಲ್ಲಿ ಮತ್ತೆ ಅದೇ ನಾದ ಹುಟ್ಟಬೇಕು ಎಂಬುದೊಂದೇ ಅವನ ಆಸೆಯಾಗಿತ್ತು.

ಮದುವೆಯ ಬೆಳಿಗ್ಗೆ ಹುಮನಾಬಾದಿಗೆ ಬಂದಿಳಿದವನು ನಟ್ಟನ್ನು ಎಂದಿಗಿಂತ ಒಂದು ಸುತ್ತು ಹೆಚ್ಚೇ ಬಿಗಿದ. ಒಳಗೆ ಏನೋ ಪಟ್ ಎಂದಿತು. ತಂತಿ ಮೀಟಿದರೆ ಸದ್ದಿಲ್ಲ. ಬೆವರೊರೆಸಿಕೊಳ್ಳುತ್ತ, ವಾದ್ಯವನ್ನು ಕೂಸಿನಂತೆ ತಬ್ಬಿಕೊಂಡು, ಬಸ್‌ಸ್ಟ್ಯಾಂಡಿನ ಹಿಂದಿರುವ ಅಸದನ ರೇಡಿಯೋ ರಿಪೇರಿ ಅಂಗಡಿಗೆ ಓಡಿದ. ಅಸದ್ ಸ್ಕ್ರೂ ಬಿಚ್ಚಿ, ತಗಡನ್ನು ಹೊರಗೆಳೆದು, ಹುರಿಗೊಂಡು ಕಡಿದ ವೈರುಗಳನ್ನು ನೋಡಿ ಹಣೆ ಬಡಿದುಕೊಂಡ.

"ಏ ಭಾಯಿ, ಇದೇನ್ ಲಾರಿ ಗಾಲಿ ನಟ್ಟ ತಿಳದೀರೇನ್ರಿ? ಹೊರಗ ಬಿಗಿ ಮಾಡೂಮುಂದ ಒಳಗ ಒಂದ್ ಕೈ ಹಿಡೀಬೇಕ್ರಿ."

"ತಳಾ ಗಟ್ಟಿರಬೇಕಂತ..." ಎಂದ ವೈಜನಾಥ.

ಅಸದ್ ಕೆಟ್ಟ ವೈರು ಕತ್ತರಿಸಿ, ಹೊಸ ತುದಿ ಬೆಸೆದು, ನಟ್ಟಿನ ಕೆಳಗೆ ಹಲ್ಲಿರುವ ವಾಶರೊಂದನ್ನು ಹಾಕಿದ. ವೈಜನಾಥ ಬೆರಳಿನಿಂದ ಸಾಕೆಟ್ಟನ್ನು ಒಳಗಿಂದ ಹಿಡಿದ, ಅಸದ್ ಹೊರಗಿಂದ ಬಿಗಿದ. ಪಿನ್ನು ಕಟ್ ಎಂದು ಕೂತಿತು. ಅಲುಗಿಸಿದರು, ಎಳೆದರು, ಕೇಬಲ್ ಹಿಡಿದು ಜೋತಾಡಿಸಿದರು. ಸಣ್ಣದೊಂದು ಗರ್ ಕೂಡ ಇಲ್ಲ. ಇಷ್ಟು ವರ್ಷ ಕಾಡಿದ ಪೀಡೆ ಒಂದು ಚಹಾ ಆರುವುದರೊಳಗೆ ಹೋಗಿತ್ತು.

ಮದುವೆಯ ಮಂಟಪದಲ್ಲಿ ಅವನನ್ನು ಕಂಡವರಿಗೆಲ್ಲ ಆಶ್ಚರ್ಯ. ವೈಜನಾಥ ನೆಟ್ಟಗೆ ನಿಂತಿದ್ದ. ಅಕ್ಷತೆ ಬಿದ್ದು ವಧೂವರರು ಕುರ್ಚಿಗಳಲ್ಲಿ ಕೂತ ಮೇಲೆ ಅವನಿಗೊಂದು ಉಮೇದು ಹುಟ್ಟಿತು. ಇನ್ನು ಸೊಂಟದ ಹಂಗಿಲ್ಲ, ಪುಟ್ಟ ಆಂಪ್ಲಿಫೈಯರಿಗೆ ಅಂಟಿಕೊಂಡೇ ನಿಲ್ಲಬೇಕಾಗಿಲ್ಲ. ನುಡಿಸುತ್ತ ನಡೆದು ಪೂನಂಳ ಎದುರಿಗೇ ಹೋಗಬಹುದು. ಧ್ವನಿವರ್ಧಕ ನೋಡಿಕೊಳ್ಳುವ ಅಜರನ ಹತ್ತಿರ ಉದ್ದನೆಯ ಕೇಬಲ್ ಕೇಳಿದ. ಅಜರ್ ಕೊಟ್ಟ, ಆದರೆ ಮುಖ ನೋಡಲಿಲ್ಲ. "ಭಾಳ ದೂರ ಹೋಗಬ್ಯಾಡ್ರಿ ಕಾಕಾ" ಎಂದ.

ಹಾಡು ಶುರುವಾಯಿತು. ವೈಜನಾಥ ಮೀಟುತ್ತ ವೇದಿಕೆಯಿಂದಿಳಿದ. ಪುಟ್ಟ ಆಂಪ್ಲಿಫೈಯರಿನ ದನಿ ಬೆನ್ನ ಹಿಂದೆ ಕ್ಷೀಣಿಸುತ್ತ ಹೋಯಿತು. ಎದುರಿಗೆ ದೊಡ್ಡ ಸ್ಪೀಕರು ಗುಡುಗುತ್ತಿತ್ತು. ಅದರ ಮುಂದೆ ಬಂದು ಕಿವಿಗೊಟ್ಟ. ತಳದ ಸ್ವರ ತುಂಬಿ ಬರುತ್ತಿತ್ತು, ಆದರೆ ಅದು ಅವನ ಬೆರಳಿನದಲ್ಲ. ಅವನು ಬೇಕೆಂದೇ ಒಂದು ಸ್ವರ ತಪ್ಪಿಸಿದ, ಸ್ಪೀಕರಿನಲ್ಲಿ ತಪ್ಪಲಿಲ್ಲ. ತಿರುಗಿ ವೇದಿಕೆಯತ್ತ ನೋಡಿದ. ಕೀಬೋರ್ಡಿನ ಅಶೋಕಕುಮಾರನ ಎಡಗೈ ಎಡತುದಿಯ ಕೀಲಿಗಳ ಮೇಲೆ ನಿಧಾನವಾಗಿ, ಸರಿಯಾಗಿ, ವೈಜನಾಥನದೇ ಸ್ವರಗಳನ್ನು ಒತ್ತುತ್ತಿತ್ತು. ವೈಜನಾಥ ಬೆರಳು ನಿಲ್ಲಿಸಿದ. ಹಾಡಿನಲ್ಲಿ ಏನೂ ಕಡಿಮೆಯಾಗಲಿಲ್ಲ.

ಅಜರ್ ಮೇಜು ಬಿಟ್ಟು ಓಡಿಬಂದ. "ಸಂಜೀವಕುಮಾರ ಮಾಲಕರು ಹೇಳ್ಯಾರ್ರಿ ಕಾಕಾ. ಮನ್ನಾಏಖೇಳ್ಳಿದು ಆದ ಮ್ಯಾಲಿಂದ ದೊಡ್ಡ ಸ್ಪೀಕರಿಗೆ ಹೋಗೂ ನಿಮ್ಮ ಲೈನ್ ಬಂದ್ ಇಟ್ಟೀನಿ. ಈಗ ರಿಪೇರಿ ಆಗ್ಯಾದಲ್ರಿ, ಹಚ್ಚಲೇನು?"

ವೈಜನಾಥ ಕುರ್ಚಿಯಲ್ಲಿ ಕೂತ ಪೂನಂಳತ್ತ ನೋಡಿದ. ಆಮೇಲೆ, "ಬ್ಯಾಡ ಬಿಡಪಾ. ಹಾಡ ಛಲೋ ಕುಂತದ. ಪೋರಿ ಲಗ್ನ ಅದ" ಎಂದ.

ಅಷ್ಟರಲ್ಲಿ ಪೂನಂ ಕುರ್ಚಿಯಿಂದಲೇ ಬಾಗಿ ಅವನನ್ನು ಕರೆದಳು. ಅವಳ ಕಣ್ಣು ತುಂಬಿದ್ದವು. "ಕಾಕಾ, ಇವತ್ತೂ ನಿಮ್ಮ ಡಬ್ಬಿ ನನ್ನ ಹೊಟ್ಯಾಗ ಬಾರಿಸಾಕತ್ತದ ನೋಡ್ರಿ!"

ಅವನ ಬೆರಳು ಆಗ ತಂತಿಯ ಮೇಲೆ ಸುಮ್ಮನಿದ್ದವು. "ಹೌದವ್ವಾ" ಎಂದ, ಮತ್ತೆ ಬೆರಳಾಡಿಸತೊಡಗಿದ, ಹಾಡು ಮುಗಿಯುವವರೆಗೂ ಆಡಿಸಿದ.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ತಿಳಿಯದು. ಸಂಜೀವಕುಮಾರನನ್ನು ಕೇಳಿದ್ದಕ್ಕೆ ಅವನು ಅತ್ತೇಬಿಟ್ಟ. "ಹ್ಯಾಂಗ ಹೇಳಬೇಕಿತ್ರಿ? ಸಣ್ಣವರಿದ್ದಾಗಿಂದ ಕೂಡಿ ಬೆಳದೇವಿ. ಬಿಟ್ಟುಬಿಡು ಅಂದಿದ್ರ ಸತ್ತ ಹೋಗತಿದ್ದ." ಅವನ ಮಾತು ಸುಳ್ಳಲ್ಲ. ವೈಜನಾಥ ಈಗಲೂ ಪಾರ್ಟಿಯಲ್ಲಿದ್ದಾನೆ. ಸಾಕೆಟ್ಟು ಬಿಗಿಯಾಗಿದೆ, ಅವನು ಮಾತ್ರ ಮತ್ತೆ ಬಲಕ್ಕೆ ವಾಲಿ, ಅಗತ್ಯವಿಲ್ಲದ ಆ ಪಿನ್ನನ್ನು ಸೊಂಟದಿಂದ ಒತ್ತಿಕೊಂಡೇ ನಿಲ್ಲುತ್ತಾನೆ. "ತಳಾ ಗಟ್ಟಿರಬೇಕು" ಎನ್ನುವುದನ್ನು ಬಿಟ್ಟಿದ್ದಾನೆ. ಎಲ್ಲ ಊರಿನಲ್ಲೂ, ಎಲ್ಲ ಮೇಳದಲ್ಲೂ ಇಂಥವರೊಬ್ಬರು ಇರುತ್ತಾರೆ. ಬೈದು ಹೊರಗೆ ಹಾಕಿದ್ದರೆ ಅತ್ತು, ಜಗಳಾಡಿ, ಇನ್ನೊಂದು ಕಡೆ ಬದುಕಿಕೊಳ್ಳುತ್ತಿದ್ದರೇನೋ. ಆದರೆ ಅವರನ್ನು ಎಲ್ಲರೂ ಪ್ರೀತಿಸುತ್ತಾರೆ. ಆದ್ದರಿಂದ ಕೋಟು ತೊಡಿಸಿ, ವೇದಿಕೆಯ ಮೇಲೆ ಜಾಗ ಕೊಟ್ಟು, ಯಾರಿಗೂ ಕಾಣದ ಹಾಗೆ ಅವರ ದನಿಯನ್ನಷ್ಟೇ ಅಡಗಿಸಿಬಿಡುತ್ತಾರೆ.